ಕಾಫಿ ಕೊಂಬೆಯ ಗಾಜಿನ ಫಲಕ: ಕಾಗದದ ಮೇಲೆ ಚಂದ, ಕಿಟಕಿಗೆ ಹಿಡಿದರೆ ಕಲಸುಮೇಲೋಗರ. ತಪ್ಪೆಲ್ಲಿ?

ಮೆಟ್ಟಿಲಕಿಟಕಿ, ಚಿಕ್ಕಮಗಳೂರು
ಎಲ್ಲರಿಗೂ ನಮಸ್ಕಾರ. ಮೆಟ್ಟಿಲ ಪಕ್ಕದ ಕಿಟಕಿಗೆ ಬಣ್ಣದ ಗಾಜಿನ ಫಲಕ ಮಾಡುವ ಕೆಲಸ ನಡೆದಿದೆ. 2 ಅಡಿ ಅಗಲ, 3 ಅಡಿ ಎತ್ತರ, ಪಶ್ಚಿಮಕ್ಕೆ ಮುಖ. ಹೊರಗೆ ಸಿಲ್ವರ್ ಓಕ್ ಸಾಲು. 3 ಮಿ.ಮೀ. ಗಾಜು, ತುಂಡುಗಳಿಗೆ ತಾಮ್ರದ ಟೇಪ್ ಸುತ್ತಿ ಬೆಸೆಯುವ ವಿಧಾನ.

ನಕ್ಷೆ ಹೀಗಿದೆ: ನಟ್ಟನಡುವೆ ನೆಟ್ಟಗೆ ಮೇಲೇರುವ ಕಾಫಿ ಕೊಂಬೆ, ಎಡಬಲಕ್ಕೆ ಎಂಟು ಜೊತೆ ಎಲೆ, ಪ್ರತಿ ಗಿಣ್ಣಿಗೂ ಹಣ್ಣಿನ ಗೊಂಚಲು, ಹಿಂದೆ ಮುಳ್ಳಯ್ಯನಗಿರಿ ಸಾಲು, ಮೇಲೆ ಸೂರ್ಯ. ಒಟ್ಟು 214 ತುಂಡು. ಹಿನ್ನೆಲೆಗೆ ತಿಳಿನೀಲಿ ಪಾರದರ್ಶಕ ಗಾಜು, ಎಲೆಗೆ ಮೂರು ಥರದ ಹಸಿರು, ಹಣ್ಣಿಗೆ ಕಡುಗೆಂಪು.

ಒಂದಷ್ಟು ತುಂಡು ಕತ್ತರಿಸಿ ಕಿಟಕಿಗೆ ಅಂಟಿಸಿ ನೋಡಿದ್ದಾಗಿದೆ. ಹಣ್ಣು ಕಪ್ಪು ಚುಕ್ಕಿ ಥರ ಕಾಣುತ್ತದೆ. ಎಲೆ ಯಾವುದು, ಹೊರಗಿನ ಮರ ಯಾವುದು ಗೊತ್ತೇ ಆಗುವುದಿಲ್ಲ. ಸಮತೋಲನ, ಒತ್ತು, ಲಯ, ಅನುಪಾತ ಅಂತ ಚಿತ್ರಕಲೆಯಲ್ಲಿ ಹೇಳಿಕೊಡುವುದನ್ನೆಲ್ಲ ಪಾಲಿಸಿಯೇ ಬರೆದ ನಕ್ಷೆ ಇದು. ಗಾಜಿಗೆ ಲೆಕ್ಕವೇ ಬೇರೆಯಾ?

ಸೀಸದಗೆರೆ
ತತ್ವ ಅವೇ. ಆದರೆ ಗಾಜಿನಲ್ಲಿ ಗೆರೆ ಅನ್ನುವುದು ಬರೀ ಗೆರೆಯಲ್ಲ, ಫಲಕದ ಮೂಳೆ ಅದೇ. ನಿಮ್ಮ ನಕ್ಷೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ನಡುವಿನ ನೆಟ್ಟಗಿನ ಕೊಂಬೆ. ಮೇಲಂಚಿನಿಂದ ಕೆಳಂಚಿನ ತನಕ ಒಂದೇ ಸಮನೆ ಬೆಸುಗೆ ಗೆರೆ ಹೋದರೆ ಅದು ಬಾಗಿಲ ತಿರುಗಣಿ ಇದ್ದಂತೆ. ಫಲಕ ಎತ್ತಿದ ಕೂಡಲೇ ಅಲ್ಲೇ ಮಡಚಿಕೊಳ್ಳುತ್ತದೆ. ಬೆಸುಗೆ ಮೆತ್ತನೆಯ ಲೋಹ, ತಾಮ್ರದ ಟೇಪ್ ಕಾಗದದಷ್ಟು ತೆಳು. ಅವು ಭಾರ ಹೊರುವುದಿಲ್ಲ.

ಭಾರದ ಲೆಕ್ಕ ಹಾಕಿ. 3 ಮಿ.ಮೀ. ಗಾಜು ಒಂದು ಚದರ ಮೀಟರಿಗೆ 7.5 ಕೆ.ಜಿ. ನಿಮ್ಮದು 6 ಚದರ ಅಡಿ, ಅಂದರೆ ಸುಮಾರು 0.56 ಚದರ ಮೀಟರ್. ಗಾಜೇ 4 ಕೆ.ಜಿ. ದಾಟುತ್ತದೆ, ಬೆಸುಗೆ ಮತ್ತು ಅಂಚುಪಟ್ಟಿಯ (ಫಲಕದ ಸುತ್ತ ಬೆಸೆಯುವ ಲೋಹದ ಪಟ್ಟಿ) ತೂಕ ಅದರ ಮೇಲೆ. ಅಷ್ಟು ಭಾರಕ್ಕೆ ನಡುವೆ ತಿರುಗಣಿ ಇಡಬಾರದು. ಅಂಚಿನಿಂದ ಅಂಚಿಗೆ ನೇರ ಗೆರೆ ಎಲ್ಲೂ ಇರಕೂಡದು. ಅಡ್ಡ, ಉದ್ದ, ಓರೆ, ಯಾವುದಾದರೂ ಸರಿಯೇ. ಗೋಡೆಯಲ್ಲಿ ಇಟ್ಟಿಗೆ ಸಂದುಗಳನ್ನು ತಪ್ಪಿಸಿ ಕಟ್ಟುವ ಹಾಗೆ ಸೇರುವೆಗಳನ್ನು ತಪ್ಪಿಸಬೇಕು.

ಕಾಫಿಹೂ, ಮೂಡಿಗೆರೆ
ಇನ್ನೊಂದು ವಿಷಯ. ಗಿಡದ ಲೆಕ್ಕದಲ್ಲೂ ಈ ನಕ್ಷೆ ತಪ್ಪು. ಕಾಫಿ ಗಿಡದ ನೆಟ್ಟಗಿನ ಕಾಂಡದಲ್ಲಿ ಹಣ್ಣು ಬಿಡುವುದಿಲ್ಲ. ಹಣ್ಣು ಬಿಡುವುದು ರೆಕ್ಕೆಯಲ್ಲಿ, ಅಂದರೆ ಅಡ್ಡ ಕೊಂಬೆಯಲ್ಲಿ. ಫಸಲು ತುಂಬಿದ ರೆಕ್ಕೆ ಬಿಲ್ಲಿನ ಹಾಗೆ ಕೆಳಕ್ಕೆ ಬಾಗಿರುತ್ತದೆ. ಎಲೆ ಜೋಡಿಜೋಡಿಯಾಗಿ ಎದುರುಬದುರು, ಅಂಚು ಸ್ವಲ್ಪ ಅಲೆಅಲೆ, ತುದಿ ಉದ್ದಕ್ಕೆ ಚೂಪು.

ಸೀಸದಗೆರೆ
ಕಾಫಿಹೂ ಅವರು ಹೇಳಿದ್ದರಲ್ಲೇ ಪರಿಹಾರ ಇದೆ! ಬಾಗಿದ ರೆಕ್ಕೆ ಎಡ ಮೇಲ್ಮೂಲೆಯ ಸ್ವಲ್ಪ ಕೆಳಗಿಂದ ಒಳಬಂದು ಬಲಗಡೆ ಕೆಳಕ್ಕೆ ಬಿಲ್ಲಾಗಿ ಇಳಿಯಲಿ. ಬಾಗಿದ ಗೆರೆ ಮಡಚಿಕೊಳ್ಳುವುದಿಲ್ಲ, ಕಣ್ಣಿಗೂ ಓಡಾಡಲು ದಾರಿ ಸಿಗುತ್ತದೆ. ಕೊಂಬೆ ಬಲ ಅಂಚನ್ನು ಮುಟ್ಟದೆ, ಅಂಚಿಗೆ 12–15 ಸೆಂ.ಮೀ. ಇರುವಾಗಲೇ ಎಲೆಯಲ್ಲಿ ಮುಗಿಯಲಿ.

ಹಳೇಬೀಡು_ಬಳಪ
ಸಮತೋಲನ ಅಂದರೆ ಎಡಬಲ ಒಂದೇ ಥರ ಇರಬೇಕು ಅಂತ ತಿಳಿದಿರುವುದೇ ಮೂಲ ತೊಡಕು. ಬೇಲೂರಿನ ಮದನಿಕೆಯರನ್ನು ಗಮನವಿಟ್ಟು ನೋಡಿ. ಕತ್ತು ಒಂದು ಕಡೆ, ಸೊಂಟ ಇನ್ನೊಂದು ಕಡೆ, ಮಂಡಿ ಮತ್ತೊಂದು ಕಡೆ. ಆದರೂ ಭಾರ ತೂಗಿ ನಿಂತಿದೆ. ಯಾಕೆಂದರೆ ಒಂದು ಕಡೆ ಹೊರಚಾಚಿದ್ದಕ್ಕೆ ಇನ್ನೊಂದು ಕಡೆ ಉತ್ತರ ಇದೆ. ನಿಮ್ಮ ಫಲಕದಲ್ಲಿ ಎಡ ಮೇಲ್ಭಾಗದಲ್ಲಿ ದೊಡ್ಡ ಎಲೆಗಳ ಗುಂಪು ಇದ್ದರೆ ಬಲ ಕೆಳಭಾಗದಲ್ಲಿ ಚಿಕ್ಕದಾದರೂ ಗಾಢ ಬಣ್ಣದ್ದು ಏನಾದರೂ ಬೇಕು. ಬೆಟ್ಟದ ಸಾಲು ಬಲಕ್ಕೆ ಎತ್ತರವಾಗಲಿ, ಸಾಕು.

ಸೂರ್ಯನನ್ನು ತೆಗೆದುಬಿಡಿ. ಪಶ್ಚಿಮದ ಕಿಟಕಿ, ಸಂಜೆ ನಿಜವಾದ ಸೂರ್ಯನೇ ಬಂದು ಗಾಜಿನ ಹಿಂದೆ ನಿಲ್ಲುತ್ತಾನೆ. ಹಣ್ಣೂ ಸೂರ್ಯನೂ ಎರಡೂ ಕರೆದರೆ ಕಣ್ಣು ಯಾವುದರ ಹತ್ತಿರ ಹೋಗಬೇಕು?

ಮುಳ್ಳಯ್ಯನಗಿರಿ1930
ಸೂರ್ಯ ಬೇಡ ಅನ್ನುವುದು ಸರಿ. ಆದರೆ ಬೆಟ್ಟದ ಸಾಲನ್ನು ನಡುಮಟ್ಟದಲ್ಲಿ ಎಳೆಯಬೇಡಿ. 90 ಸೆಂ.ಮೀ. ಎತ್ತರದಲ್ಲಿ 45ಕ್ಕೆ ಗೆರೆ ಬಿದ್ದರೆ ಎರಡು ಫಲಕ ಅಂಟಿಸಿದ ಹಾಗೆ. ಕೆಳಗಿನಿಂದ 30ರ ಹತ್ತಿರ ಇರಲಿ.

ಬೇಲೂರುರಸ್ತೆ_ಗಾಜಂಗಡಿ
ಕೆಂಪು ಕಪ್ಪಾಗುವುದು ಎಲ್ಲರಿಗೂ ಆಗುವ ತೊಂದರೆ ಕಣ್ರೀ. ಅಂಗಡಿಯಲ್ಲಿ ಗಾಜನ್ನು ಟ್ಯೂಬ್‌ಲೈಟ್ ಕೆಳಗೆ, ಬಿಳಿ ಕಾಗದದ ಮೇಲಿಟ್ಟು ಆರಿಸುತ್ತಾರೆ. ಅದು ಮೇಲಿಂದ ಬಿದ್ದು ವಾಪಸು ಬರುವ ಬೆಳಕು. ಕಿಟಕಿಯಲ್ಲಿ ಬೆಳಕು ಗಾಜಿನ ಒಳಗೆ ಹಾದು ಬರಬೇಕು. ಆಗ ಕಡುಗೆಂಪು ಬೆಳಕಿನ ಬಹುಪಾಲನ್ನು ನುಂಗಿಬಿಡುತ್ತದೆ. ಗಾಜು ಕೊಳ್ಳುವಾಗ ತುಂಡನ್ನು ಬಾಗಿಲಾಚೆಯ ಆಕಾಶಕ್ಕೆ ಹಿಡಿದು ನೋಡಿ. ಮೋಡದ ದಿನವಾದರೆ ಇನ್ನೂ ಒಳ್ಳೆಯದು, ನಿಜ ಬಣ್ಣ ಗೊತ್ತಾಗುತ್ತದೆ.

ಹೇಮಾವತಿದಂಡೆ
ಇದಕ್ಕೆ ಕಣ್ಣಿನ ಕಾರಣವೂ ಒಂದಿದೆ. ಬೆಳಕು ಕಡಿಮೆಯಾದಂತೆ ಕಣ್ಣಿಗೆ ಮೊದಲು ಮಂಕಾಗುವುದು ಕೆಂಪು. ನೀಲಿ, ಹಸಿರು ಹೆಚ್ಚು ಹೊತ್ತು ಉಳಿಯುತ್ತವೆ. 19ನೇ ಶತಮಾನದ ಆರಂಭದಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಗುರುತಿಸಿದ್ದರಿಂದ ಅವರ ಹೆಸರಲ್ಲೇ ಕರೆಯುತ್ತಾರೆ. ಮುಸ್ಸಂಜೆಯಲ್ಲಿ ದಾಸವಾಳ ಕಪ್ಪಗೆ ಕಂಡು ಅದರ ಎಲೆ ಇನ್ನೂ ತಿಳಿಯಾಗಿ ಕಾಣುವುದು ಇದೇ ಕಾರಣಕ್ಕೆ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆಕಾಶ ಮುಚ್ಚಿಕೊಂಡೇ ಇರುತ್ತದೆ. ಅಂದರೆ ವರ್ಷದಲ್ಲಿ ನಾಲ್ಕು ತಿಂಗಳು ಆ ಹಣ್ಣು ಕಪ್ಪೇ. ಹಾಗಾಗಿ ಒಂದು ಮೆಟ್ಟಿಲು ತಿಳಿಯಾದ, ಕಿತ್ತಳೆಯತ್ತ ವಾಲುವ ಕೆಂಪು ಆರಿಸಿ. ಪಕ್ಕದಲ್ಲಿ ಕಡುಹಸಿರು ಬೇಡ, ತಿಳಿಹಳದಿ ಅಥವಾ ಹಾಲುಬಿಳುಪು ಇರಲಿ.

ಕಾಫಿಹೂ, ಮೂಡಿಗೆರೆ
ಎಲ್ಲ ಹಣ್ಣೂ ಯಾಕೆ ಕೆಂಪಾಗಬೇಕು? ಒಂದೇ ಗೊಂಚಲಲ್ಲಿ ಹಸಿರು ಕಾಯಿ, ಹಳದಿಗೆ ತಿರುಗಿದ್ದು, ಕಿತ್ತಳೆ, ಪೂರ್ತಿ ಹಣ್ಣು ಎಲ್ಲವೂ ಇರುತ್ತವೆ. ಒಟ್ಟಿಗೆ ಹಣ್ಣಾಗುವುದಿಲ್ಲ ಅಂತಲೇ ತೋಟದಲ್ಲಿ ಎರಡು ಮೂರು ಸಲ ಬಿಡಿಸುವುದು.

ಹಳೇಬೀಡು_ಬಳಪ
👆 ಇದು ಚಿನ್ನದಂಥ ಮಾತು. ಒತ್ತು ಎಲ್ಲಿ ಕೊಡಬೇಕು ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ಮೂರು ಗೊಂಚಲು ಸಾಕು. ಒಂದರಲ್ಲಿ ಬರೀ ಹಸಿರು ಕಾಯಿ, ಒಂದರಲ್ಲಿ ಹಳದಿ ಬೆರೆತದ್ದು, ಒಂದರಲ್ಲಿ ಮಾತ್ರ ಕೆಂಪು. ಆ ಕೆಂಪು ಗೊಂಚಲು ಅಗಲದ ಮೂರರಲ್ಲೊಂದು, ಎತ್ತರದ ಮೂರರಲ್ಲೊಂದು ಭಾಗ ಸೇರುವ ಕಡೆ ಬರಲಿ. ಎಂಟು ಗಿಣ್ಣಿಗೂ ಕೆಂಪು ಇಟ್ಟರೆ ಎಂಟು ಜನ ಒಟ್ಟಿಗೆ ಮಾತಾಡಿದ ಹಾಗೆ.

ಸೀಸದಗೆರೆ
ಮೂರರಲ್ಲೊಂದು ಅನ್ನುವುದನ್ನು ವೇದವಾಕ್ಯ ಮಾಡಬೇಡಿ ಮಾರಾಯ್ರೆ. ಇದು ಮೆಟ್ಟಿಲ ಪಕ್ಕದ ಕಿಟಕಿ. ಜನ ಕೆಳಗಿಂದ ಹತ್ತಿ ಬರುತ್ತಾರೆ, ಮೇಲಿಂದ ಇಳಿದೂ ಬರುತ್ತಾರೆ, ನೆಟ್ಟಗೆ ಎದುರು ನಿಲ್ಲುವವರು ಕಮ್ಮಿ. ನಕ್ಷೆಯನ್ನು ಪೂರ್ಣ ಅಳತೆಯಲ್ಲಿ ಕಿಟಕಿಗೆ ಅಂಟಿಸಿ, ಮೊದಲ ಮೆಟ್ಟಿಲ ಮೇಲೆ ನಿಂತು ಒಂದು ಫೋಟೋ, ಕೊನೆಯ ಮೆಟ್ಟಿಲ ಮೇಲೆ ನಿಂತು ಇನ್ನೊಂದು ಫೋಟೋ ತೆಗೆಯಿರಿ. ಗೊಂಚಲನ್ನು ಎಲ್ಲಿಡಬೇಕು ಅನ್ನುವುದು ಅದರಲ್ಲೇ ತೀರ್ಮಾನವಾಗುತ್ತದೆ.

ಹಳೇಬೀಡು_ಬಳಪ
ಒಪ್ಪಿದೆ. ನೋಡುವ ಜಾಗ ಮೊದಲು, ಲೆಕ್ಕ ಆಮೇಲೆ. ಆದರೆ ನಟ್ಟನಡುವೆ ಮಾತ್ರ ಬೇಡ.

ಮೆಟ್ಟಿಲಕಿಟಕಿ
ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೊಂದು ತೊಡಕಿದೆ. ಗಿಣ್ಣಿನ ಹತ್ತಿರ ಕೊಂಬೆಯ ಎರಡು ಗೆರೆ, ಎಲೆ ತೊಟ್ಟಿನದು ಎರಡು, ಹಣ್ಣಿನದು ನಾಲ್ಕೈದು, ಎಲ್ಲ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಮಾದರಿ ತುಂಡಿನಲ್ಲಿ ಅಲ್ಲಿ ಬೆಸುಗೆ ದೊಡ್ಡ ಗಂಟಾಗಿ ನಿಂತಿದೆ. ಎಲೆಯ ಚೂಪು ತುದಿಯಂತೂ ಪ್ರತಿ ಸಲವೂ ಮುರಿಯುತ್ತದೆ.

ಸೀಸದಗೆರೆ
ಎರಡಕ್ಕೂ ಕಾರಣ ತಾಮ್ರದ ಟೇಪಿನ ಅಗಲ. ಒಮ್ಮೆ ಕೂತು ಲೆಕ್ಕ ಹಾಕಿಕೊಳ್ಳಿ, ಮುಂದೆಂದೂ ಮರೆಯುವುದಿಲ್ಲ.

ಗಾಜು 3 ಮಿ.ಮೀ. ದಪ್ಪ. ಸಾಮಾನ್ಯವಾಗಿ ಬಳಸುವ ಟೇಪ್ 7/32 ಇಂಚು, ಅಂದರೆ ಸುಮಾರು 5.5 ಮಿ.ಮೀ. ಅಂಚಿನ 3 ಕಳೆದರೆ 2.5 ಉಳಿಯುತ್ತದೆ. ಅದು ಗಾಜಿನ ಎರಡೂ ಮುಖಕ್ಕೆ ಹಂಚಿದರೆ ಒಂದೊಂದು ಕಡೆ 1.25 ಮಿ.ಮೀ. ಮಡಿಕೆ. ಈಗ ಎಲೆ ತುದಿ ನೋಡಿ. ತುದಿಯ ಹತ್ತಿರ ಎಲೆಯ ಅಗಲ 3 ಮಿ.ಮೀ. ಇದ್ದರೆ ಎರಡು ಕಡೆಯಿಂದ 1.25 ಮುಚ್ಚಿ ನಡುವೆ ಅರ್ಧ ಮಿ.ಮೀ. ಗಾಜು ಮಾತ್ರ ಕಾಣುತ್ತದೆ. ಅಷ್ಟಕ್ಕಾಗಿ ಕತ್ತರಿಸಿ, ಗಾಜಿನ ಅಂಚು ಉಜ್ಜುವ ಗ್ರೈಂಡರಿನಲ್ಲಿ ತಿಕ್ಕಿ, ಮುರಿದುಕೊಂಡು ಒದ್ದಾಡುವುದು ಯಾಕೆ? ತುದಿಯನ್ನು 5–6 ಮಿ.ಮೀ. ಅಗಲವಿರುವಾಗಲೇ ಮೊಂಡಾಗಿ ನಿಲ್ಲಿಸಿ. ಅಲ್ಲಿಂದ ಮುಂದೆ ಹಿನ್ನೆಲೆಯ ಸೇರುವೆ ಗೆರೆಯೇ ಎಲೆಯ ತುದಿಯ ದಿಕ್ಕಿನಲ್ಲಿ ಓಡಲಿ. ನೋಡುವವರ ಕಣ್ಣು ಅದನ್ನು ಚೂಪು ತುದಿ ಅಂತಲೇ ಓದುತ್ತದೆ. ಹಿನ್ನೆಲೆಯ ಗಾಜನ್ನು ಅಲ್ಲಿ ಹೇಗೂ ಒಡೆಯಲೇಬೇಕು. ಎಲೆಯ ಸುತ್ತ ಒಂದೇ ತುಂಡು ಹಿನ್ನೆಲೆ ಕತ್ತರಿಸುವುದು ಆಗದ ಮಾತು. ಗಾಜು ಕತ್ತರಿಸುವಾಗ ಗೀರು ಆ ತುಂಡಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಿಯೇ ತೀರಬೇಕು, ಅರ್ಧದಲ್ಲಿ ನಿಲ್ಲಿಸಲು ಬರುವುದಿಲ್ಲ. ಒಳಮೂಲೆ ಚೂಪಾಗಿ ಕತ್ತರಿಸಿದರೆ ಆ ಮೂಲೆಯಿಂದಲೇ ಬಿರುಕು ಹೊರಡುತ್ತದೆ.

ಇನ್ನು ಗಿಣ್ಣು. ಒಂದು ಬಿಂದುವಿಗೆ ನಾಲ್ಕಕ್ಕಿಂತ ಹೆಚ್ಚು ಗೆರೆ ಬರಬಾರದು, ಮೂರಾದರೆ ಇನ್ನೂ ಚೆನ್ನ. ಎರಡನೇ ಎಲೆಯ ತೊಟ್ಟನ್ನು 8–10 ಮಿ.ಮೀ. ಆಚೆ ಸರಿಸಿ. ಒಂದು ಹಣ್ಣನ್ನು ಗಿಣ್ಣಿನ ಮುಂದೆ ತಂದು ಕೂರಿಸಿ. ಆಗ ಗೆರೆಗಳು ಬಿಂದುವಿಗೆ ಬರದೆ ಆ ಹಣ್ಣಿನ ಸುತ್ತಳತೆಗೆ ಬೇರೆಬೇರೆ ಕಡೆ ಬಂದು ಮುಟ್ಟುತ್ತವೆ.

ಕುಲುಮೆ, ಅರಸೀಕೆರೆ
ಹಣ್ಣಿಗೆ ದುಂಡನೆ ತುಂಡು ಕತ್ತರಿಸುವ ಬದಲು ಚಪ್ಪಟೆ ತಳದ ಗಾಜಿನ ಗುಂಡು ಹಾಕಬಹುದು. ಬೆಳಕು ಅದರಲ್ಲಿ ತುಂಬಿಕೊಂಡು ನಿಜವಾದ ಹಣ್ಣಿನ ಹಾಗೆ ಉಬ್ಬಿ ಕಾಣುತ್ತದೆ. ಅಂಚು ನುಣುಪಾಗಿರುವುದರಿಂದ ಟೇಪ್ ನಿಲ್ಲುವುದಿಲ್ಲ. ಗ್ರೈಂಡರಿಗೆ ಸುತ್ತಲೂ ಒಮ್ಮೆ ಮುಟ್ಟಿಸಿ ಒರಟು ಮಾಡಿಕೊಳ್ಳಬೇಕು.

ಬೇಲೂರುರಸ್ತೆ_ಗಾಜಂಗಡಿ
ಗುಂಡು ಇಟ್ಟರೆ ಅದು ಕೆಂಪು ಗೊಂಚಲಿಗೆ ಮಾತ್ರ ಇರಲಿ. ಉಳಿದದ್ದೆಲ್ಲ ಚಪ್ಪಟೆ ಗಾಜು. ಒಂದೇ ಜಾಗದಲ್ಲಿ ಮೈ ಬದಲಾದರೆ ಒತ್ತು ತಾನಾಗಿ ಅಲ್ಲಿಗೇ ಬೀಳುತ್ತದೆ.

ಮುಳ್ಳಯ್ಯನಗಿರಿ1930
ಟೇಪಿನ ಅಗಲ ಬದಲಿಸಿ ಗೆರೆಯ ದಪ್ಪ ಬದಲಿಸಬಹುದಲ್ಲವೇ? ಎಲ್ಲ ಗೆರೆ ಒಂದೇ ದಪ್ಪ ಇದ್ದರೆ ಮಕ್ಕಳ ಬಣ್ಣ ತುಂಬುವ ಪುಸ್ತಕದ ಹಾಗೆ ಕಾಣುತ್ತದೆ.

ಸೀಸದಗೆರೆ
ಖಂಡಿತ. ಕೊಂಬೆ, ಎಲೆಗಳ ಹೊರರೇಖೆ 1/4 ಇಂಚಿನ ಟೇಪ್, ಮಡಿಕೆ ಸುಮಾರು 1.7 ಮಿ.ಮೀ. ಎಲೆಯ ನಡುನರ, ಬೆಟ್ಟದ ಸಾಲು 3/16 ಇಂಚು, ಮಡಿಕೆ 0.9. ಎರಡು ತುಂಡು ಸೇರಿದಾಗ ಮೊದಲನೆಯದು 4 ಮಿ.ಮೀ. ಹತ್ತಿರದ ಗೆರೆ, ಎರಡನೆಯದು 2.5ರ ಆಸುಪಾಸು. ದೂರದ ಬೆಟ್ಟ ಸಣ್ಣ ಗೆರೆಯಲ್ಲೇ ದೂರ ಹೋಗುತ್ತದೆ. ಆದರೆ ಸಣ್ಣ ಟೇಪಿಗೆ ಗಾಜಿನ ಅಂಚು ಕರಾರುವಾಕ್ಕಾಗಿ ಇರಬೇಕು. ಟೇಪ್ ಅರ್ಧ ಮಿ.ಮೀ. ವಾಲಿದರೂ ಒಂದು ಕಡೆ ಮಡಿಕೆಯೇ ಇರುವುದಿಲ್ಲ. ಬೆಸುಗೆ ಮಾಡುವಾಗ ಬಿಸಿಗೆ ಎದ್ದುಬರುತ್ತದೆ.

ಎಲೆಯ ಗಾಜು ಪಾರದರ್ಶಕವಾಗಿದ್ದರೆ ಟೇಪಿನ ಒಳಮೈ ಬಣ್ಣವೂ ಅಂಚಿನಲ್ಲಿ ಕಾಣುತ್ತದೆ. ಗೆರೆಗೆ ಕಪ್ಪು ಬಣ್ಣ ಕೊಡುವುದಿದ್ದರೆ ಒಳಮೈ ಕಪ್ಪಿರುವ ಟೇಪನ್ನೇ ಕೇಳಿ ತೆಗೆದುಕೊಳ್ಳಿ.

ಹೇಮಾವತಿದಂಡೆ
ಹಿನ್ನೆಲೆಯ ಬಗ್ಗೆ ಯಾರೂ ಹೇಳಲಿಲ್ಲ. ಹೊರಗಿನ ಸಿಲ್ವರ್ ಓಕ್ ಕಾಂಡಗಳು ತಿಳಿನೀಲಿ ಪಾರದರ್ಶಕ ಗಾಜಿನಲ್ಲಿ ಹಾಗೇ ಕಾಣುತ್ತವೆ. ನೀವು ಎಳೆಯದ ಹತ್ತು ಕಪ್ಪು ಉದ್ದಗೆರೆಗಳು ನಕ್ಷೆಯೊಳಗೆ ನುಗ್ಗಿವೆ. ಎಲೆ ಯಾವುದು ಮರ ಯಾವುದು ತಿಳಿಯದೇ ಹೋಗುವುದು ಅದಕ್ಕೇ. ಹಿನ್ನೆಲೆಗೆ ಹಾಲುಗಾಜು ಹಾಕಿ. ಬೆಳಕನ್ನು ಹರಡಿ ಒಂದೇ ಸಮ ಮಾಡುತ್ತದೆ, ಆಚೆಯದನ್ನು ಮುಚ್ಚುತ್ತದೆ.

ಬೇಲೂರುರಸ್ತೆ_ಗಾಜಂಗಡಿ
ಹಾಲುಗಾಜು ಹಿನ್ನೆಲೆಗೆ ಪೂರ್ತಿ ಹಾಕಿದರೆ ಮೆಟ್ಟಿಲು ಕತ್ತಲಾಗುತ್ತದೆ. ಮಳೆಗಾಲದಲ್ಲಿ ಹಗಲೇ ದೀಪ ಹಾಕಬೇಕು. ಪಾರದರ್ಶಕವೇ ಇರಲಿ, ಆದರೆ ಮೈಯಲ್ಲಿ ನವಿರು ಅಲೆ ಅಥವಾ ಸುತ್ತಿಗೆಯ ಗುರುತಿನಂಥ ಉಬ್ಬುತಗ್ಗು ಇರುವ ಗಾಜು ತೆಗೆದುಕೊಳ್ಳಿ. ಬೆಳಕು ಪೂರ್ತಿ ಬರುತ್ತದೆ, ಆಚೆಯ ಮರ ಮಾತ್ರ ಕಲಕಿಹೋಗುತ್ತದೆ.

ಹೇಮಾವತಿದಂಡೆ
ಪಶ್ಚಿಮದ ಬಿಸಿಲು ಮೂರು ಗಂಟೆಯ ಮೇಲೆ ನೇರ ಹೊಡೆಯುತ್ತದಲ್ಲ. ಆಗ ಉಬ್ಬುತಗ್ಗಿನ ತಿಳಿಗಾಜು ಕಣ್ಣು ಕುಕ್ಕುತ್ತದೆ. ಕಣ್ಣು ಕುಕ್ಕಿದರೆ ಪಕ್ಕದ ಎಲೆಯ ಬಣ್ಣವೂ ಕಾಣುವುದಿಲ್ಲ, ಬೆಳಕು ಗೆರೆಯ ಮೇಲೆ ಹರಿದು ಸಣ್ಣ ಗೆರೆಗಳು ಕರಗಿಬಿಡುತ್ತವೆ.

ಸೀಸದಗೆರೆ
ಇಬ್ಬರೂ ಸರಿ. ದಾರಿ ಇಷ್ಟೇ: ಎಲೆಗೆ ಬಣ್ಣದ ಎಳೆಗಳಿರುವ ಹಸಿರು ಹಾಲುಗಾಜು, ಹಿನ್ನೆಲೆಗೆ ಉಬ್ಬುತಗ್ಗಿನ ತಿಳಿಗಾಜು, ಆದರೆ ಬಿಳಿಯದಲ್ಲ, ತೆಳು ಬೂದುನೀಲಿ. ಎಲೆ ಗಟ್ಟಿಯಾಗಿ ನಿಲ್ಲುತ್ತದೆ, ಹಿನ್ನೆಲೆ ಗಾಳಿಯ ಹಾಗೆ ಹಿಂದೆ ಸರಿಯುತ್ತದೆ. ವೈದೃಶ್ಯ (ಕಾಂಟ್ರಾಸ್ಟ್) ಅಂದರೆ ಬಣ್ಣದ್ದಷ್ಟೇ ಅಲ್ಲ, ಗಾಜಿನ ಜಾತಿಯದೂ ಹೌದು. ಇನ್ನೊಂದು ಲಾಭವೂ ಇದೆ. ರಾತ್ರಿ ಒಳಗೆ ದೀಪ ಹಾಕಿದಾಗ ಪಾರದರ್ಶಕ ಗಾಜು ಪೂರ್ತಿ ಕಪ್ಪಾಗುತ್ತದೆ. ಹಾಲುಗಾಜು ಮಾತ್ರ ಒಳಗಿನ ಬೆಳಕಿಗೂ ತನ್ನ ಬಣ್ಣ ತೋರಿಸುತ್ತದೆ. ರಾತ್ರಿ ಹೊತ್ತು ಕಪ್ಪು ಹಿನ್ನೆಲೆಯಲ್ಲಿ ಎಲೆಗಳಷ್ಟೇ ಉಳಿಯುತ್ತವೆ.

ಎಳೆಯ ದಿಕ್ಕು ಮರೆಯಬೇಡಿ. ಎಲೆಯನ್ನು ನಡುನರದ ಗುಂಟ ಎರಡು ತುಂಡು ಮಾಡಿ. ಎರಡರಲ್ಲೂ ಎಳೆ ನಡುನರದಿಂದ ಹೊರಗೆ ತುದಿಯ ಕಡೆಗೆ ಓರೆಯಾಗಿ ಸಾಗಲಿ. ಬೇರೆ ಪಕ್ಕನರ ಎಳೆಯುವುದೇ ಬೇಡ, ಗಾಜೇ ಎಳೆದಿರುತ್ತದೆ. ನಕ್ಷೆಯ ಪ್ರತಿ ತುಂಡಿನ ಮೇಲೂ ಸಂಖ್ಯೆ, ಬಣ್ಣದ ಗುರುತು, ಎಳೆಯ ದಿಕ್ಕಿಗೆ ಬಾಣ, ಈ ಮೂರೂ ಇರಲಿ. ಹೀಗೆ ದಿಕ್ಕು ನೋಡಿ ಕತ್ತರಿಸಿದರೆ ಗಾಜು ವ್ಯರ್ಥವಾಗುವುದು ಹೆಚ್ಚು. ಹಿನ್ನೆಲೆಗೆ ಕಾಲುಭಾಗ ಹೆಚ್ಚುವರಿ ತಂದರೆ, ಎಲೆಯ ಗಾಜು ಅರ್ಧಭಾಗ ಹೆಚ್ಚುವರಿ ತನ್ನಿ.

ಮೆಟ್ಟಿಲಕಿಟಕಿ
ಹಿನ್ನೆಲೆಯನ್ನು ಚೌಕಚೌಕವಾಗಿ ಒಡೆಯಬೇಕೋ ಅಥವಾ ಎಲೆಗಳ ಗೆರೆ ಹಿಡಿದು ಒಡೆಯಬೇಕೋ?

ಮುಳ್ಳಯ್ಯನಗಿರಿ1930
ಚೌಕ. ಬಾಗಿದ ಕೊಂಬೆಗೆ ನೆಟ್ಟಗಿನ ಗೆರೆಗಳೇ ಎದುರಾಳಿ. ಹಳೆಯ ಮನೆಯ ಕಿಟಕಿ ಸರಳಿನ ಆಚೆ ಗಿಡ ಕಂಡ ಹಾಗೆ ಇರುತ್ತದೆ.

ಸೀಸದಗೆರೆ
ಚೌಕ ಎಂದರೆ ಮತ್ತೆ ಅಂಚಿನಿಂದ ಅಂಚಿಗೆ ನೇರ ಗೆರೆ ಅಲ್ಲವೇ?

ಮುಳ್ಳಯ್ಯನಗಿರಿ1930
ನಡುವೆ ಕೊಂಬೆ ಬಂದು ಕತ್ತರಿಸುತ್ತದಲ್ಲ ಸಾರ್. ಕೊಂಬೆಯ ಮೇಲಿನ ಗೆರೆಯೂ ಕೆಳಗಿನ ಗೆರೆಯೂ ಒಂದೇ ಸಾಲಿಗೆ ಬರದಂತೆ 2 ಸೆಂ.ಮೀ. ತಪ್ಪಿಸಿದರೆ ಆಯಿತು.

ಹಳೇಬೀಡು_ಬಳಪ
ಚೌಕ ಕೆಟ್ಟದ್ದಲ್ಲ, ಆದರೆ ಇಲ್ಲಿ ಹೊರಗೆ ಈಗಾಗಲೇ ಓಕ್ ಮರಗಳ ಉದ್ದಗೆರೆ ಇದೆ. ಮಸುಕಾದರೂ ಇದೆ. ಅದರ ಮೇಲೆ ಇನ್ನೊಂದು ಸೆಟ್ ಉದ್ದಗೆರೆ ಬೇಡ. ಎಲೆಯ ತುದಿಯಿಂದ ಹೊರಟ ಗೆರೆ ಪಕ್ಕದ ಎಲೆಯ ಬೆನ್ನಿಗೆ ಹೋಗಿ ಮುಟ್ಟಲಿ, ಇನ್ನೊಂದು ಅಂಚಿಗೆ ಹೋಗಲಿ. ಎಲ್ಲವೂ ಗಾಳಿ ಬೀಸುವ ಒಂದೇ ದಿಕ್ಕಿಗೆ ಬಾಗಲಿ. ಏಕತೆ ಅನ್ನುವುದು ಅದೇ.

ಲಯಕ್ಕೆ ಹಳೇಬೀಡಿನ ಗೋಡೆಯ ಪಟ್ಟಿಕೆಗಳಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿಸುರುಳಿ, ಆಮೇಲೆ ಕುದುರೆ ಸವಾರರು. ಭಾರದ ಪ್ರಾಣಿ ಕೆಳಗೆ, ಚುರುಕಿನದು ಮೇಲೆ. ನಡುವೆ ಬಳ್ಳಿ ಬಂದು ಕಣ್ಣಿಗೆ ಬಿಡುವು ಕೊಡುತ್ತದೆ. ಆನೆ ಮತ್ತೆ ಮತ್ತೆ ಬರುತ್ತದೆ, ಆದರೆ ಸೊಂಡಿಲು ಎತ್ತಿದ್ದು, ತಿರುಗಿಸಿದ್ದು, ಸುತ್ತಿದ್ದು ಹೀಗೆ ಬದಲಾಗುತ್ತಲೇ ಹೋಗುತ್ತದೆ. ನಿಮ್ಮ ಎಂಟು ಜೊತೆ ಎಲೆ ಒಂದೇ ಅಚ್ಚಿನವು. ಐದು ಜೊತೆ ಸಾಕು. ಒಂದು ಮಗುಚಿಕೊಂಡಿರಲಿ, ಒಂದು ಅರ್ಧ ಮರೆಯಾಗಲಿ, ಒಂದು ಚೌಕಟ್ಟಿನಿಂದ ಆಚೆಗೆ ಹೋಗಲಿ. ಮಗುಚಿದ ಎಲೆಗೆ ತಿಳಿಹಸಿರು. ಕಾಫಿ ಎಲೆಯ ಬೆನ್ನು ಹೇಗೂ ತಿಳಿಯಾಗಿಯೇ ಇರುತ್ತದೆ.

ಹಾಸನದ_ಹುಡುಗಿ
ಹಾಗಾದರೆ ಬೇಲೂರಿನ ದರ್ಪಣಸುಂದರಿಯನ್ನೇ ಗಾಜಿನಲ್ಲಿ ಮಾಡಬಹುದಾ? ಕನ್ನಡಿಯ ಜಾಗಕ್ಕೆ ನಿಜವಾದ ಕನ್ನಡಿ ಹಾಕಿ?

ಸೀಸದಗೆರೆ
ಮುಖ, ಬೆರಳು, ಒಡವೆ ಬೆಸುಗೆ ಗೆರೆಯಲ್ಲಿ ಬರುವುದಿಲ್ಲಮ್ಮ. 4 ಮಿ.ಮೀ. ಗೆರೆಯಲ್ಲಿ ಕಣ್ಣು ಬರೆದರೆ ಮುಖ ಕೆಡುತ್ತದೆ. ಅದಕ್ಕೆ ಗಾಜಿನ ಪುಡಿ ಮತ್ತು ಲೋಹದ ಆಕ್ಸೈಡ್ ಬೆರೆಸಿದ ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ 650 ಡಿಗ್ರಿ ಆಸುಪಾಸಿನಲ್ಲಿ ಸುಡಬೇಕು. ಬಾಟಲಿಯಲ್ಲಿ ಬರುವ ತಣ್ಣನೆಯ ಗಾಜಿನ ಬಣ್ಣ ಬಿಸಿಲು, ತೇವಕ್ಕೆ ಸುಲಿಯುತ್ತದೆ. ಬರೀ ಹೊರರೇಖೆಯ ನೆರಳಾಕೃತಿ, ಮೈಯ ಮೂರು ಬಾಗು, ಕೈಯಲ್ಲಿ ಕನ್ನಡಿ, ಇಷ್ಟನ್ನೇ ಇಟ್ಟುಕೊಂಡರೆ ಮಾಡಬಹುದು. ಕನ್ನಡಿ ಬೆಳಕನ್ನು ಬಿಡುವುದಿಲ್ಲ, ಕಿಟಕಿಯಲ್ಲಿ ಅದು ಕಪ್ಪು ವೃತ್ತ. ಗೋಡೆಗೆ ತೂಗುಹಾಕುವ ಫಲಕಕ್ಕಾದರೆ ಸರಿ. ಕನ್ನಡಿಯ ಹಿಂಬದಿಯ ಲೇಪಕ್ಕೆ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಮೊದಲು ಹಚ್ಚುವ ರಾಸಾಯನಿಕ) ತಗುಲಿದರೆ ಅಂಚು ಕಪ್ಪಾಗುತ್ತದೆ. ಮೊದಲೇ ಅಂಚಿಗೆ ವಾರ್ನಿಷ್ ಬಳಿದುಕೊಳ್ಳಬೇಕು.

ಹಾಸನದ_ಹುಡುಗಿ
ಗೋಡೆಗೇ ಮಾಡ್ತೀನಿ ಸಾರ್. ಹಳೆಯ ಅಂಗಡಿ ಬಾಗಿಲಿನ ಗಾಜು ಸಿಕ್ಕಿದೆ, ಅದನ್ನು ಕತ್ತರಿಸಬಹುದಾ?

ಬೇಲೂರುರಸ್ತೆ_ಗಾಜಂಗಡಿ
ಬೇಡ! ಮೂಲೆಯಲ್ಲಿ ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ ಗಾಜು) ಅನ್ನುವ ಮುದ್ರೆ ಇದೆಯಾ ನೋಡಿ. ಇದ್ದರೆ ಕತ್ತರಿಸಲು ಹೋದಾಗ ಇಡೀ ಹಾಳೆ ಕಾಳುಕಾಳಾಗಿ ಸಿಡಿಯುತ್ತದೆ. ಕಾರಿನ ಪಕ್ಕದ ಗಾಜೂ ಹಾಗೇ.

ಕುಲುಮೆ, ಅರಸೀಕೆರೆ
ಹಳೆ ಗಾಜನ್ನು ಕರಗಿಸಿ ಸೇರಿಸುತ್ತೇನೆ ಅನ್ನುವವರಿಗೂ ಒಂದು ಮಾತು. ಕಿಟಕಿ ಗಾಜು, ಬಾಟಲಿ, ಕುಲುಮೆಗೆಂದೇ ಮಾರುವ ಬಣ್ಣದ ಗಾಜು, ಇವು ಬಿಸಿಗೆ ಹಿಗ್ಗುವ ಪ್ರಮಾಣ ಬೇರೆಬೇರೆ. ಕುಲುಮೆ ಗಾಜಿನ ಮೇಲೆ 90 ಅಥವಾ 96 ಅಂತ ಬರೆದಿರುತ್ತಾರೆ. ಒಂದನ್ನೊಂದು ಬೆರೆಸಿದರೆ ತಣ್ಣಗಾಗುವಾಗಲೋ ತಿಂಗಳು ಬಿಟ್ಟೋ ಬಿರುಕು ಬಿಡುತ್ತದೆ. ನಕ್ಷೆಯ ದೃಷ್ಟಿಯಿಂದಲೂ ನೆನಪಿಡಿ: ಪೂರ್ತಿ ಕರಗಿದ ಗಾಜು ಸುಮಾರು 6 ಮಿ.ಮೀ. ದಪ್ಪಕ್ಕೆ ಬರಲು ನೋಡುತ್ತದೆ. 3 ಮಿ.ಮೀ. ಒಂದೇ ಪದರ ಇಟ್ಟರೆ ಒಳಕ್ಕೆ ಕುಗ್ಗಿ ಮೂಲೆಗಳು ದುಂಡಾಗುತ್ತವೆ. ಎರಡು ಪದರ ಇಟ್ಟರೆ ಆಕಾರ ನಿಲ್ಲುತ್ತದೆ. ಮೂರು ಇಟ್ಟರೆ ಹೊರಕ್ಕೆ ಹರಿಯುತ್ತದೆ.

ಬಡಗಿ, ಸಕಲೇಶಪುರ
ಚೌಕಟ್ಟಿನ ಅಳತೆ ಯಾರಾದರೂ ಕೇಳಿದಿರಾ? ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ, ಎರಡೂ ಕರ್ಣ ಅಳೆಯಿರಿ. ಅತಿ ಚಿಕ್ಕ ಅಳತೆ ಹಿಡಿದು ಸುತ್ತಲೂ 3 ಮಿ.ಮೀ. ಬಿಡಿ. ನಮ್ಮ ಮಳೆಗೆ ಮರ ಹಿಗ್ಗುತ್ತದೆ. ಬಿಗಿಯಾಗಿ ಕೂರಿಸಿದ ಫಲಕವನ್ನು ಮರವೇ ಒತ್ತಿ ಉಬ್ಬಿಸಿಬಿಡುತ್ತದೆ. ಬೀಡಿಂಗ್ ಪಟ್ಟಿ (ಫಲಕವನ್ನು ಚೌಕಟ್ಟಿಗೆ ಹಿಡಿದಿಡುವ ಸಣ್ಣ ಪಟ್ಟಿ) ಒಳಗಡೆಯಿಂದ ಸ್ಕ್ರೂ ಹಾಕಿ ಕೂರಿಸಿ, ಮೊಳೆ ಹೊಡೆಯಬೇಡಿ. ಹೊರಗಡೆ 5 ಮಿ.ಮೀ. ಟಫನ್ಡ್ ಗಾಜು ಹಾಕಿದರೆ ಮಳೆ ಹೊಡೆತ ಬೀಳುವುದಿಲ್ಲ. ಎರಡರ ನಡುವೆ ಗಾಳಿಯಾಡಲು ಕೆಳಗೂ ಮೇಲೂ ಸಣ್ಣ ತೂತು ಬಿಡಿ, ಇಲ್ಲವಾದರೆ ಒಳಗೆ ಬೆವರು ನಿಂತು ಬೆಸುಗೆಯ ಮೇಲೆ ಬಿಳಿ ಬೂಷ್ಟು ಥರ ಬರುತ್ತದೆ.

ಬೀಡಿಂಗ್ ಸುತ್ತಲೂ 8–10 ಮಿ.ಮೀ. ಮುಚ್ಚುತ್ತದೆ. ನಕ್ಷೆಯಲ್ಲಿ ಚಿತ್ರದ ಸುತ್ತ ಗಾಜಿನ ಅಂಚು 2 ಸೆಂ.ಮೀ. ಇಟ್ಟಿದ್ದರೆ ಕಾಣುವುದು 1 ಸೆಂ.ಮೀ. ಮಾತ್ರ. ಒಂದು ಕಡೆ ಹೆಚ್ಚು ಮುಚ್ಚಿದರೆ ಇಡೀ ಚಿತ್ರ ವಾರೆ ಕಾಣುತ್ತದೆ.

ಮೆಟ್ಟಿಲಕಿಟಕಿ
ಅಂಚಿನ ಲೆಕ್ಕ ಪೂರ್ತಿ ತಪ್ಪಿಹೋಗಿತ್ತು. ಬಡಗಿ ಅಣ್ಣನಿಗೆ ದೊಡ್ಡ ನಮಸ್ಕಾರ.

ಹೊಸ ನಕ್ಷೆ ಹೀಗೆ: ಬಾಗಿದ ರೆಕ್ಕೆ, ಐದು ಜೊತೆ ಎಲೆ, ಮೂರು ಗೊಂಚಲು, ಬೆಟ್ಟ ಕೆಳಗಿನ ಮೂರನೇ ಒಂದು ಭಾಗಕ್ಕೆ, ಸೂರ್ಯ ಇಲ್ಲ. ಒಟ್ಟು 78 ತುಂಡು. ಬೆಸೆಯುವ ಮೊದಲು ಬಣ್ಣ ಪರೀಕ್ಷಿಸುವುದು ಹೇಗೆ? ಗೆರೆಗೆ ಕಪ್ಪು ಬಣ್ಣವೋ ತಾಮ್ರದ್ದೋ?

ಸೀಸದಗೆರೆ
78 ಒಳ್ಳೆಯ ಸಂಖ್ಯೆ. ಸರಾಸರಿ ತುಂಡು 70 ಚದರ ಸೆಂ.ಮೀ. ದಾಟುತ್ತದೆ. ಗಾಜಿಗೆ ಉಸಿರಾಡಲು ಜಾಗ ಸಿಕ್ಕಿತು. 214ರಲ್ಲಿ ಅದು 26 ಇತ್ತು, ಬೆಸುಗೆಯೇ ಚಿತ್ರವನ್ನು ತಿಂದುಬಿಡುತ್ತಿತ್ತು.

ಪರೀಕ್ಷೆಗೆ ದೊಡ್ಡ ಸಾದಾ ಗಾಜಿನ ಹಾಳೆ ತೆಗೆದುಕೊಂಡು ಅದರ ಹಿಂಬದಿಗೆ ನಕ್ಷೆಯ ಗೆರೆಗಳನ್ನು ಕಪ್ಪು ಬಣ್ಣದಲ್ಲಿ 4 ಮಿ.ಮೀ. ದಪ್ಪಕ್ಕೆ ಬರೆಯಿರಿ. ಮುಂಬದಿಗೆ ಕತ್ತರಿಸಿದ ತುಂಡುಗಳನ್ನು ಜೇನುಮೇಣದ ಚುಕ್ಕೆ ಇಟ್ಟು ಅಂಟಿಸಿ, ಅದೇ ಕಿಟಕಿಗೆ ನಿಲ್ಲಿಸಿ. ಚಿತ್ರದ ಸುತ್ತ ಎಲ್ಲೂ ಬರೀ ಬೆಳಕು ನುಗ್ಗಬಾರದು, ಖಾಲಿ ಜಾಗಕ್ಕೆಲ್ಲ ದಿನಪತ್ರಿಕೆ ಅಂಟಿಸಿ. ನೀವು ಮೊದಲು ನೋಡಿದಾಗ ಹಣ್ಣು ಕಪ್ಪಾಗಿ ಕಂಡದ್ದಕ್ಕೆ ಸುತ್ತಲಿನ ಖಾಲಿ ಬೆಳಕೂ ಒಂದು ಕಾರಣ. ಆಮೇಲೆ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ನಾಲ್ಕಕ್ಕೆ, ಸಂಜೆ ಆರೂವರೆಗೆ ಒಂದೊಂದು ಫೋಟೋ ತೆಗೆದು ಮೊಬೈಲಿನಲ್ಲಿ ಕಪ್ಪುಬಿಳುಪು ಮಾಡಿ ನೋಡಿ. ಎಲೆಯೂ ಬೆಟ್ಟವೂ ಒಂದೇ ಬೂದು ಬಣ್ಣಕ್ಕೆ ಬಂದರೆ ಬೆಟ್ಟದ ಗಾಜು ತಿಳಿ ಮಾಡಬೇಕು. ಆಗ ಬದಲಿಸುವುದಕ್ಕೆ ತಗಲುವುದು ಒಂದು ತುಂಡು ಗಾಜು ಮಾತ್ರ.

ಗೆರೆಯ ಬಣ್ಣ: ಹಗಲು ಬೆಳಕಿಗೆ ಎದುರಾಗಿ ನೋಡಿದಾಗ ಯಾವ ಬಣ್ಣ ಕೊಟ್ಟರೂ ಗೆರೆ ಕಪ್ಪೇ. ವ್ಯತ್ಯಾಸ ಗೊತ್ತಾಗುವುದು ರಾತ್ರಿ. ಹಸಿರು ಎಲೆಯ ಪಕ್ಕ ತಾಮ್ರ ಚೆನ್ನಾಗಿ ಒಪ್ಪುತ್ತದೆ.

ಕಾಫಿಹೂ, ಮೂಡಿಗೆರೆ
ತಾಮ್ರದ ಬಣ್ಣ ಬರಿಸುವುದು ಮೈಲುತುತ್ತದಿಂದಲೇ (ಕಾಪರ್ ಸಲ್ಫೇಟ್) ತಾನೇ? ತೋಟದ ಮನೆಗಳಲ್ಲೆಲ್ಲ ಮೂಟೆಗಟ್ಟಲೆ ಇರುತ್ತದೆ.

ಸೀಸದಗೆರೆ
ಅದೇ. ಆದರೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಆಗುವುದಿಲ್ಲ, ಬರೀ ಮೈಲುತುತ್ತ ಬೇಕು. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 10–15 ಗ್ರಾಂ ಹರಳು, ಬೆಚ್ಚಗಿನ ನೀರಲ್ಲಿ ಕರಗಿಸಿ ಸೋಸಿ. ಬೆಸುಗೆಯ ಮೇಲಿನ ಫ್ಲಕ್ಸ್ ಪೂರ್ತಿ ಹೋಗುವಂತೆ ಸೋಪು ನೀರಲ್ಲಿ ತೊಳೆದು, ಒರೆಸಿ, ಅದೇ ದಿನ ಹಚ್ಚಬೇಕು. ತಡವಾದರೆ ಬೆಸುಗೆಯ ಮೇಲೆ ಆಕ್ಸೈಡ್ ಪದರ ಕೂತು ಬಣ್ಣ ಚುಕ್ಕೆಚುಕ್ಕೆಯಾಗಿ ಹಿಡಿಯುತ್ತದೆ. ಕೈಗವಸು ಹಾಕಿ, ಅದು ವಿಷ. ಅಡುಗೆಮನೆಯ ಪಾತ್ರೆ, ಸಿಂಕ್ ಬಳಸಬೇಡಿ. ಬೆಸುಗೆಯಲ್ಲೂ ಸೀಸ ಇದೆ. 60 ಭಾಗ ತವರ, 40 ಭಾಗ ಸೀಸದ ಗಟ್ಟಿ ತಂತಿ ಬಳಸಿ. ರೇಡಿಯೋ ರಿಪೇರಿಯವರ ಒಳಗೆ ರಾಳ ತುಂಬಿದ ತಂತಿ ಬೇಡ, ರಾಳ ಗಾಜಿಗೆ ಮೆತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನೂ ಮುಟ್ಟಬೇಡಿ.

ಹೇಮಾವತಿದಂಡೆ
ಆ ಬಾಗಿದ ಕೊಂಬೆಯ ಒಳಗೆ ಬಲಪಟ್ಟಿ ಇಡಲು ಹೇಳಿ ಸಾರ್, ಬರೀ ಅಂಚುಪಟ್ಟಿ ಸಾಲದು.

ಸೀಸದಗೆರೆ
ಹೌದು, ಬಿಟ್ಟುಹೋಗಿತ್ತು. 2 ಚದರ ಅಡಿ ದಾಟಿದ ಫಲಕಕ್ಕೆ ಇದು ಬೇಕು. ತವರ ಲೇಪಿಸಿದ ತೆಳು ತಾಮ್ರದ ಪಟ್ಟಿಯನ್ನು ಕೊಂಬೆಯ ಗೆರೆಯೊಳಗೆ, ಎರಡು ಗಾಜಿನ ನಡುವೆ ಅಂಚಿನ ಮೇಲೆ ನಿಲ್ಲಿಸಿ ಬಾಗಿಸುತ್ತಾ ಹೋಗಿ. ಒಂದು ತುದಿ ಎಡ ಅಂಚುಪಟ್ಟಿಗೆ ಮುಟ್ಟಿ ಅಲ್ಲಿ ಬೆಸೆಯಬೇಕು. ಇನ್ನೊಂದು ತುದಿ ಕೊನೆಯ ಎಲೆಯ ಬಳಿ ನಿಲ್ಲದೆ, ಅದರ ತುದಿಯಿಂದ ಹೊರಟ ಹಿನ್ನೆಲೆ ಗೆರೆ ಹಿಡಿದು ಬಲ ಅಂಚುಪಟ್ಟಿಯ ತನಕ ಹೋಗಬೇಕು. ನಡುವಲ್ಲೇ ನಿಂತ ಪಟ್ಟಿ ಭಾರವನ್ನು ಎಲ್ಲಿಗೂ ದಾಟಿಸುವುದಿಲ್ಲ. ಕೊಂಬೆ ಗೆರೆಯ ಎರಡೂ ಬದಿಯ ತುಂಡುಗಳನ್ನು ಗ್ರೈಂಡರಿನಲ್ಲಿ ಅರ್ಧ ಮಿ.ಮೀ. ಹೆಚ್ಚು ತಿಕ್ಕಿ, ಪಟ್ಟಿಗೆ ಜಾಗ ಬೇಕಲ್ಲ. ಬೆಸುಗೆ ಹಾಕಿದ ಮೇಲೆ ಪಟ್ಟಿ ಕಾಣುವುದಿಲ್ಲ.

ಮೆಟ್ಟಿಲಕಿಟಕಿ
ಕೊನೆಯ ಎಲೆಯ ಗೆರೆಯನ್ನು ಬಲ ಅಂಚಿಗೆ ಎಳೆದು ನಕ್ಷೆ ತಿದ್ದಿಯಾಯಿತು. ಅದರಿಂದ ಒಂದು ತುಂಡು ಹೆಚ್ಚಾಗಿ 79. ಈ ಭಾನುವಾರ ಮೇಣ ಹಚ್ಚಿ ಕಿಟಕಿಗೆ ನಿಲ್ಲಿಸುವುದು. ಮೂರೂ ಹೊತ್ತಿನ ಕಪ್ಪುಬಿಳುಪು ಫೋಟೋ ಇಲ್ಲೇ ಹಾಕುತ್ತೇನೆ, ಬೆಟ್ಟದ ಗಾಜು ಯಾವುದು ಅಂತ ನೋಡಿ ಹೇಳಿ.